ಪರದೆಯ ಮೇಲಿನ ಸಾಕ್ಷಿ, ಕಟಕಟೆಯ ಸಾಕ್ಷಿ: ಜ್ಯೂರಿಯ ಮೇಲಾಗುವ ಪರಿಣಾಮ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಸಾಮಾನ್ಯ ಜನರ ಗುಂಪೊಂದು ಸಾಕ್ಷ್ಯ ಕೇಳಿ, ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಪು ಕೊಡುವ ಜ್ಯೂರಿ ಪದ್ಧತಿ ಭಾರತದಲ್ಲಿ ಹೋಗಿ ಅರ್ಧ ಶತಮಾನವಾಯಿತು. ಆದರೆ ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಜ್ಯೂರಿ ಸಮನ್ಸ್ ಬರುತ್ತಲೇ ಇರುತ್ತದೆ. ಇಲ್ಲಿ ಪೋಕ್ಸೊ ಪ್ರಕರಣ ನಡೆಸುವ ವಕೀಲರೂ ಕಾನೂನು ವಿದ್ಯಾರ್ಥಿಗಳೂ ಇದೇ ಪ್ರಶ್ನೆಗಳನ್ನು ಬೇರೆ ದಿಕ್ಕಿನಿಂದ ಕೇಳುತ್ತಾರೆ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಸಂಬಂಧಿಸಿದವು. ಮುಖ್ಯ ವಿಚಾರಣೆಯ (ಸಾಕ್ಷಿಯನ್ನು ಕರೆಸಿದ ಕಡೆಯವರು ಕೇಳುವ ಪ್ರಶ್ನೆಗಳ) ಜೊತೆಗೆ ಪಾಟಿ ಸವಾಲನ್ನೂ (ಎದುರು ಕಡೆಯ ವಕೀಲರ ಪ್ರಶ್ನೆಗಳನ್ನೂ) ಮೊದಲೇ ರೆಕಾರ್ಡ್ ಮಾಡಿಟ್ಟು ಜ್ಯೂರಿಗೆ ತೋರಿಸುವ ಕ್ರಮ ಅಲ್ಲಿ ಈಗ ಎಲ್ಲ ಕ್ರೌನ್ ಕೋರ್ಟುಗಳಲ್ಲೂ (ಗಂಭೀರ ಅಪರಾಧಗಳನ್ನು ಜ್ಯೂರಿಯ ಮುಂದೆ ವಿಚಾರಿಸುವ ಕೋರ್ಟುಗಳು) ಇದೆ.

ಜ್ಯೂರಿ ಸಾಕ್ಷಿಯನ್ನು ಎಷ್ಟು ಬಗೆಯಲ್ಲಿ ನೋಡಬಹುದು?

ಮುಖ್ಯವಾಗಿ ನಾಲ್ಕು ಬಗೆ. ಮಾಮೂಲಿನಂತೆ ಸಾಕ್ಷಿ ಕಟಕಟೆಗೆ ಬಂದು, ಪ್ರಮಾಣ ಮಾಡಿ, ಎಲ್ಲರ ಎದುರು ಹೇಳುವುದು ಮೊದಲನೆಯದು. ಎರಡನೆಯದರಲ್ಲಿ ಸಾಕ್ಷಿಗೂ ಆರೋಪಿಗೂ ನಡುವೆ ಮರೆ ಕಟ್ಟುತ್ತಾರೆ. ಜ್ಯೂರಿಗೆ, ನ್ಯಾಯಾಧೀಶರಿಗೆ, ವಕೀಲರಿಗೆ ಸಾಕ್ಷಿ ಕಾಣುತ್ತಾರೆ, ಆರೋಪಿಗೆ ಕಾಣುವುದಿಲ್ಲ. ಮೂರನೆಯದು ಲೈವ್ ಲಿಂಕ್: ಸಾಕ್ಷಿ ಬೇರೆ ಕೋಣೆಯಲ್ಲಿ ಕೂತು ಅದೇ ಹೊತ್ತಿಗೆ ಉತ್ತರಿಸುತ್ತಾರೆ, ಜ್ಯೂರಿ ಟಿವಿ ಪರದೆಯಲ್ಲಿ ನೋಡುತ್ತದೆ. ನಾಲ್ಕನೆಯದು ರೆಕಾರ್ಡಿಂಗ್. ಪೊಲೀಸರೊಂದಿಗಿನ ವಿಡಿಯೊ ಸಂದರ್ಶನವನ್ನೇ ಮುಖ್ಯ ವಿಚಾರಣೆಯ ಜಾಗದಲ್ಲಿ ತೋರಿಸಿ, ಪಾಟಿ ಸವಾಲನ್ನು ಲೈವ್ ಆಗಿ ಮಾಡಬಹುದು. ಅಥವಾ ಎರಡೂ ಮೊದಲೇ ರೆಕಾರ್ಡ್ ಆಗಿ, ವಿಚಾರಣೆಯ ದಿನ ಸಾಕ್ಷಿ ಕೋರ್ಟಿಗೆ ಬರುವ ಪ್ರಮೇಯವೇ ಇಲ್ಲದಿರಬಹುದು.

1999ರ ಯೂತ್ ಜಸ್ಟಿಸ್ ಅಂಡ್ ಕ್ರಿಮಿನಲ್ ಎವಿಡೆನ್ಸ್ ಆ್ಯಕ್ಟ್‌ನಲ್ಲಿ ಮರೆಗೆ 23ನೇ ಸೆಕ್ಷನ್, ಲೈವ್ ಲಿಂಕ್‌ಗೆ 24, ರೆಕಾರ್ಡ್ ಆದ ಮುಖ್ಯ ವಿಚಾರಣೆಗೆ 27, ರೆಕಾರ್ಡ್ ಆದ ಪಾಟಿ ಸವಾಲಿಗೆ 28. ಅಲ್ಲಿನ ವಕೀಲರ ಬಾಯಲ್ಲಿ ಇದು ಬರೀ ‘ಸೆಕ್ಷನ್ 28’. ಹದಿನೆಂಟು ತುಂಬದವರು, ಮಾನಸಿಕ ಅಥವಾ ದೈಹಿಕ ತೊಂದರೆ ಇರುವವರು 16ನೇ ಸೆಕ್ಷನ್ ಅಡಿಯಲ್ಲೂ, ಭಯ ಅಥವಾ ತೀವ್ರ ಸಂಕಟದಿಂದ ಸರಿಯಾಗಿ ಹೇಳಲಾಗದವರು 17ನೇ ಸೆಕ್ಷನ್ ಅಡಿಯಲ್ಲೂ ಈ ಅನುಕೂಲಗಳಿಗೆ ಅರ್ಹರು. ಲೈಂಗಿಕ ಅಪರಾಧದ ದೂರುದಾರರು ತಾವಾಗಿ ಬೇಡವೆನ್ನದಿದ್ದರೆ ಅರ್ಹರೆಂದೇ ಲೆಕ್ಕ.

ರೆಕಾರ್ಡಿಂಗ್ ನೋಡಿದ ಜ್ಯೂರಿ ಸಾಕ್ಷಿಯನ್ನು ಕಡಿಮೆ ನಂಬುತ್ತದೆಯೇ?

ಸಾಕ್ಷಿಯ ಬಗ್ಗೆ ಮೂಡುವ ಅಭಿಪ್ರಾಯಕ್ಕೂ ಕೊನೆಗೆ ಕೊಡುವ ತೀರ್ಪಿಗೂ ಉತ್ತರ ಬೇರೆ ಬೇರೆ. ಈ ಎರಡನ್ನೂ ಕಲಸಿ ಮಾತಾಡುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಅಭಿಪ್ರಾಯದ ಮಟ್ಟದಲ್ಲಿ ಎದುರಿಗಿರುವ ಸಾಕ್ಷಿಗೆ ಸ್ವಲ್ಪ ಮೇಲುಗೈ ಇದೆ. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಸಾರಾ ಲ್ಯಾಂಡ್‌ಸ್ಟ್ರೋಮ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಾಕ್ಷಿಯನ್ನು ಎದುರಿಗೇ ನೋಡಿದವರು ವಿಡಿಯೊದಲ್ಲಿ ನೋಡಿದವರಿಗಿಂತ ಸಾಕ್ಷಿಯ ಬಗ್ಗೆ ಒಳ್ಳೆಯ ಮಾತಾಡಿದರು, ಹೇಳಿದ್ದನ್ನು ಹೆಚ್ಚು ನೆನಪಿಟ್ಟುಕೊಂಡರು. ಆದರೆ ಸತ್ಯ ಯಾವುದು, ಸುಳ್ಳು ಯಾವುದು ಎಂದು ಹೇಳುವುದರಲ್ಲಿ ಎರಡು ಗುಂಪಿನವರೂ ಸೋತರು.

ತೀರ್ಪಿನ ಮಟ್ಟದಲ್ಲಿ ಚಿತ್ರ ಬೇರೆ. ಆಸ್ಟ್ರೇಲಿಯನ್ ಇನ್‌ಸ್ಟಿಟ್ಯೂಟ್ ಆಫ್ ಕ್ರಿಮಿನಾಲಜಿಗಾಗಿ ನಟಾಲಿ ಟೇಲರ್ ಮತ್ತು ಜಾಕ್ವೆಲಿನ್ ಜೌಡೊ 2005ರಲ್ಲಿ ಅತ್ಯಾಚಾರ ಪ್ರಕರಣದ ಅಣಕು ವಿಚಾರಣೆಗಳನ್ನು ನಡೆಸಿದರು. ಎದುರಿಗೆ, ಸಿಸಿಟಿವಿಯಲ್ಲಿ (ಅಂದರೆ ಬೇರೆ ಕೋಣೆಯಿಂದ ಅದೇ ಹೊತ್ತಿಗೆ), ರೆಕಾರ್ಡಿಂಗ್‌ನಲ್ಲಿ ಹೀಗೆ ಮೂರು ವಿಧ. ಸಾಕ್ಷ್ಯ ಬಂದ ವಿಧಾನ ತೀರ್ಪನ್ನು ಗಣನೀಯವಾಗಿ ಅಲುಗಿಸಲಿಲ್ಲ. ಇಂಗ್ಲೆಂಡಿನಲ್ಲಿ ಲೂಯಿಸ್ ಎಲಿಸನ್ ಮತ್ತು ವನೆಸ್ಸಾ ಮನ್ರೊ ಅಣಕು ಜ್ಯೂರಿಗಳ ಚರ್ಚೆಯನ್ನೇ ಕೂತು ಕೇಳಿದರು. ಮರೆ, ಲೈವ್ ಲಿಂಕ್, ರೆಕಾರ್ಡಿಂಗ್ ಯಾವುದರಿಂದಲೂ ಒಂದೇ ದಿಕ್ಕಿಗೆ ಹೋಗುವ ಸ್ಪಷ್ಟ ಪರಿಣಾಮ ಅವರಿಗೆ ಸಿಗಲಿಲ್ಲ. ಹನ್ನೆರಡು ಮಂದಿ ಕೂತು ಚರ್ಚಿಸಲು ತೊಡಗಿದ ಮೇಲೆ ‘ಪರದೆ’ ಹಿಂದೆ ಸರಿದು ‘ಆಕೆ ಏನು ಹೇಳಿದಳು, ಅದಕ್ಕೆ ಬೇರೆ ಪುರಾವೆ ಏನಿದೆ’ ಎಂಬುದು ಮುಂದೆ ಬರುತ್ತದೆ ಎಂಬುದೇ ಇದಕ್ಕೆ ಕಾರಣ ಎನ್ನುವುದು ನಮ್ಮ ತಿಳಿವಳಿಕೆ.

ಜ್ಯೂರಿ ಒಳಗೆ ಏನು ಮಾತಾಡಿತೆಂದು ಗೊತ್ತಾಗುವುದಾದರೂ ಹೇಗೆ?

ನಿಜವಾದ ಜ್ಯೂರಿಯ ಚರ್ಚೆ ಗುಟ್ಟು. ಇಂಗ್ಲೆಂಡಿನಲ್ಲಿ ಅದನ್ನು ಹೊರಗೆ ಹೇಳುವುದೂ ಕೇಳುವುದೂ ಅಪರಾಧ. ಹಾಗಾಗಿ ಸಂಶೋಧಕರು ಸಾಮಾನ್ಯ ಜನರನ್ನು ಕರೆದು, ನಟರಿಂದಲೋ ನಿಜ ಸಾಕ್ಷಿಗಳಿಂದಲೋ ಅಣಕು ವಿಚಾರಣೆ ನಡೆಸಿ, ಚರ್ಚೆಯನ್ನು ದಾಖಲಿಸುತ್ತಾರೆ. ಇದರ ಕೊರತೆಯೂ ಕಣ್ಣಿಗೆ ಕಾಣುವಂಥದ್ದೇ: ಒಂದೆರಡು ಗಂಟೆಯ ವಿಚಾರಣೆ, ಯಾರೂ ಜೈಲಿಗೆ ಹೋಗುವುದಿಲ್ಲ ಎಂಬ ಅರಿವು, ಕೆಲವು ಅಧ್ಯಯನಗಳಲ್ಲಿ ಬರೀ ಕಾಲೇಜು ವಿದ್ಯಾರ್ಥಿಗಳು. ಅಧ್ಯಯನ ಓದುವಾಗ ಮೂರು ಸಂಗತಿ ನೋಡಿ. ಭಾಗವಹಿಸಿದವರು ಜನಸಾಮಾನ್ಯರೇ? ಗುಂಪಾಗಿ ಚರ್ಚಿಸಿದರೇ, ಒಬ್ಬೊಬ್ಬರೇ ಪ್ರಶ್ನಾವಳಿ ತುಂಬಿದರೇ? ಎದುರಿಗೆ ಬಂದ ಸಾಕ್ಷಿಯೂ ವಿಡಿಯೊದ ಸಾಕ್ಷಿಯೂ ಅದೇ ಮಾತು ಹೇಳಿದರೇ? ಕೊನೆಯದು ತಪ್ಪಿದರೆ ಹೋಲಿಕೆಯೇ ಕೆಡುತ್ತದೆ.

ಇನ್ನೊಂದು ದಾರಿ ನಿಜ ತೀರ್ಪುಗಳ ಅಂಕಿಅಂಶ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಶೆರಿಲ್ ಥಾಮಸ್ ನಿಜ ಜ್ಯೂರಿ ತೀರ್ಪುಗಳನ್ನು ವಿಶ್ಲೇಷಿಸಿದಾಗ, ಸೆಕ್ಷನ್ 28 ಬಳಸಿದ ಪ್ರಕರಣಗಳಲ್ಲಿ ‘ತಪ್ಪಿತಸ್ಥ’ ಎಂಬ ತೀರ್ಪಿನ ಪ್ರಮಾಣ ಕಡಿಮೆ ಕಂಡಿತು. ಇದು ಗಂಭೀರವಾಗಿ ತೆಗೆದುಕೊಳ್ಳಬೇಕಾದ ಸಂಗತಿ. ಹಾಗೆಂದು ರೆಕಾರ್ಡಿಂಗೇ ಕಾರಣವೆಂದು ಅಷ್ಟಕ್ಕೇ ಹೇಳಲಾಗದು. ಸೆಕ್ಷನ್ 28 ಚೀಟಿ ಎತ್ತಿ ಹಂಚುವಂಥದ್ದಲ್ಲ. ಸಾಕ್ಷಿ ಚಿಕ್ಕ ಮಗುವೋ, ಬಹಳ ನೊಂದವರೋ ಆಗಿರುವ, ಮೊದಲೇ ರುಜುವಾತು ಕಷ್ಟವಿರುವ ಪ್ರಕರಣಗಳೇ ಅಲ್ಲಿಗೆ ಹೆಚ್ಚು ಬರುತ್ತವೆ.

ಮಕ್ಕಳ ವಿಷಯದಲ್ಲೂ ಹೀಗೆಯೇ?

ಮಕ್ಕಳ ವಿಷಯದಲ್ಲಿ ಒಂದು ವಿಚಿತ್ರವಾದ ತಿರುವಿದೆ. ಈ ಕ್ಷೇತ್ರದಲ್ಲಿ ಒಂದೇ ಅಧ್ಯಯನ ಓದಲು ಬಿಡುವಿದ್ದರೆ ಗೇಲ್ ಗುಡ್‌ಮನ್ ಮತ್ತು ಸಂಗಡಿಗರು 1998ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ್ದನ್ನು ಓದಿ. ಐದಾರು ವರ್ಷದ ಮತ್ತು ಎಂಟೊಂಬತ್ತು ವರ್ಷದ ಮಕ್ಕಳು ಒಬ್ಬ ಅಪರಿಚಿತ ಗಂಡಸಿನ ಜೊತೆ ಆಟವಾಡಿದರು. ಕೆಲವರೊಂದಿಗೆ ಆತ ಸ್ಟಿಕ್ಕರುಗಳನ್ನು ಬಟ್ಟೆಯ ಮೇಲೆ ಅಂಟಿಸುವ ಆಟ ಆಡಿದ, ಇನ್ನು ಕೆಲವರೊಂದಿಗೆ ಬರಿಮೈಯ ಭಾಗಗಳ ಮೇಲೆ, ಅಂದರೆ ತೋಳು, ಕಾಲ್ಬೆರಳಿನಂಥ ಕಡೆ. ಎರಡನೆಯದನ್ನು ಪ್ರಯೋಗದ ಮಟ್ಟಿಗೆ ‘ಅಪರಾಧ’ ಎಂದು ಇಟ್ಟುಕೊಂಡರು. ಆಮೇಲೆ ನಿಜವಾದ ನ್ಯಾಯಾಲಯದ ಸಭಾಂಗಣದಲ್ಲಿ, ಊರಿನ ಜನರೇ ಅಣಕು ಜ್ಯೂರಿಯಾಗಿ ಕೂತಾಗ, ಕೆಲವು ಮಕ್ಕಳು ಎದುರಿಗೆ ಬಂದು ಹೇಳಿದರು, ಕೆಲವರು ಸಿಸಿಟಿವಿಯ ಮೂಲಕ.

ಎದುರಿಗೆ ಹೇಳಬೇಕೆಂದು ಗೊತ್ತಿದ್ದ ಮಕ್ಕಳಿಗೆ ಹೆದರಿಕೆ ಹೆಚ್ಚಿತ್ತು, ಸಾಕ್ಷ್ಯ ಹೇಳಲು ಒಲ್ಲೆನೆಂದವರೂ ಅವರಲ್ಲೇ ಹೆಚ್ಚು. ಸಿಸಿಟಿವಿಯಲ್ಲಿ ಹೇಳಿದ ಚಿಕ್ಕ ಮಕ್ಕಳು ದಾರಿ ತಪ್ಪಿಸುವ ಪ್ರಶ್ನೆಗಳಿಗೆ ಕಡಿಮೆ ಬಲಿಯಾದರು. ಹೀಗಿದ್ದೂ ಜ್ಯೂರಿಗೆ ಸಿಸಿಟಿವಿಯ ಮಕ್ಕಳೇ ಕಡಿಮೆ ನಂಬಲರ್ಹರಾಗಿ ಕಂಡರು. ನಿಖರವಾಗಿ ಹೇಳಿದವರನ್ನು ಕಡಿಮೆ ನಂಬಿದರು ಎಂಬುದು ಈ ಅಧ್ಯಯನದ ತಿರುಳು. ಮಗುವಿಗೆ ಯಾವುದು ಒಳ್ಳೆಯದೋ ಅದು ಜ್ಯೂರಿಯ ಕಣ್ಣಿಗೆ ಒಳ್ಳೆಯದಾಗಿ ಕಾಣದಿರಬಹುದು. ತೀರ್ಪಿನ ಮೇಲೆ ಮಾತ್ರ ನೇರ ಪರಿಣಾಮ ಕಾಣಲಿಲ್ಲ, ಆರೋಪಿಗೆ ಅನ್ಯಾಯವಾದ ಲಕ್ಷಣವೂ ಇರಲಿಲ್ಲ.

ಎದುರಿಗಿದ್ದರೆ ಹಾವಭಾವ ನೋಡಿ ಸುಳ್ಳು ಹಿಡಿಯಬಹುದಲ್ಲವೇ?

ಇಲ್ಲ. ಜ್ಯೂರಿಯಾಗಿ ಕೂರುವವರು ಮನೆಯಲ್ಲೇ ಬಿಟ್ಟು ಹೋಗಬೇಕಾದ ನಂಬಿಕೆ ಇದು. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ 2006ರಲ್ಲಿ ಇಂಥ ನೂರಾರು ಪ್ರಯೋಗಗಳ ಫಲಿತಾಂಶ ಒಟ್ಟುಗೂಡಿಸಿದರು. ಒಟ್ಟು 24,483 ಮಂದಿ ನೋಡುಗರು, ಸರಾಸರಿ ನಿಖರತೆ ಶೇ. 54. ನಾಣ್ಯ ಚಿಮ್ಮಿದ್ದರೆ ಶೇ. 50 ಬರುತ್ತಿತ್ತು. ದನಿಯಿಲ್ಲದೆ ಬರೀ ಚಿತ್ರ ನೋಡಿದವರು ಮಾತು ಕೇಳಿದವರಿಗಿಂತ ಕೆಟ್ಟದಾಗಿ ಊಹಿಸಿದರು. ಅಂದರೆ ಸಿಗುವ ಅಷ್ಟಿಷ್ಟು ಸುಳಿವೂ ಮಾತಿನಲ್ಲೇ ಇದೆ, ಮುಖದಲ್ಲಿ ಅಲ್ಲ.

ಕಣ್ಣು ತಪ್ಪಿಸುವುದು, ಚಡಪಡಿಸುವುದು, ತಡವರಿಸುವುದು ಇವೆಲ್ಲ ಕೋರ್ಟಿಗೆ ಮೊದಲ ಸಲ ಬಂದ ಪ್ರಾಮಾಣಿಕರಲ್ಲೂ ಧಾರಾಳವಾಗಿ ಇರುತ್ತವೆ. ಹಾಗಾಗಿ ‘ಪರದೆಯಲ್ಲಿ ಹಾವಭಾವ ತಪ್ಪಿಹೋಗುತ್ತದೆ’ ಎಂಬ ಆಕ್ಷೇಪಕ್ಕೆ ತೂಕ ಕಡಿಮೆ. ಹೇಳಿದ ಮಾತು ಒಂದಕ್ಕೊಂದು ಕೂಡುತ್ತದೆಯೇ, ಫೋನ್ ದಾಖಲೆಗೆ, ವೈದ್ಯಕೀಯ ವರದಿಗೆ, ಬೇರೆ ಸಾಕ್ಷಿಯ ಮಾತಿಗೆ ಹೊಂದುತ್ತದೆಯೇ ಎಂದು ನೋಡುವುದಕ್ಕೆ ಪರದೆ ಅಡ್ಡಿಯಲ್ಲ.

ಸಾಕ್ಷಿ ಅಳದೆ ತಣ್ಣಗೆ ಹೇಳಿದರೆ?

ಜ್ಯೂರಿ ಅನುಮಾನ ಪಡುವ ಸಾಧ್ಯತೆ ಹೆಚ್ಚು, ಅದು ತಪ್ಪು. ನೊಂದವರು ಅಳಲೇಬೇಕು ಎಂಬ ನಿರೀಕ್ಷೆ ಎಷ್ಟು ಬಲವಾಗಿದೆಯೆಂದರೆ ಇದನ್ನೇ ಹಲವು ದೇಶಗಳಲ್ಲಿ ಪ್ರತ್ಯೇಕವಾಗಿ ಅಧ್ಯಯನ ಮಾಡಿದ್ದಾರೆ. ಮಕ್ಕಳ ಬಗ್ಗೆ ಜೊನಾಥನ್ ಗೋಲ್ಡಿಂಗ್ ತಂಡ 2003ರಲ್ಲಿ ತೋರಿಸಿದ್ದು: ಕಣ್ಣೀರು ತುಂಬಿ ಹೇಳಿದ ಮಗುವನ್ನು ಹೆಚ್ಚು ನಂಬಿದರು, ತಣ್ಣಗಿದ್ದ ಮಗುವನ್ನೂ ಜೋರಾಗಿ ರೋದಿಸಿದ ಮಗುವನ್ನೂ ಕಡಿಮೆ ನಂಬಿದರು. ಅಳು ಕೂಡ ಹದವಾಗಿರಬೇಕೆಂಬ ಬೇಡಿಕೆ!

ರೆಕಾರ್ಡಿಂಗ್‌ಗೂ ಇದಕ್ಕೂ ಎರಡು ಕಡೆಯಿಂದ ನಂಟಿದೆ. ಘಟನೆಯ ಮರುದಿನವೇ ಸಂದರ್ಶನವಾಗಿದ್ದರೆ ಕೆಲವೊಮ್ಮೆ ಸಾಕ್ಷಿ ಆಘಾತದಲ್ಲಿ ಮರಗಟ್ಟಿ ಕೂತಿರುತ್ತಾರೆ. ಬೇಗ ರೆಕಾರ್ಡ್ ಆದ ಇನ್ನು ಕೆಲವು ಸಂದರ್ಶನಗಳಲ್ಲಿ, ವರ್ಷದ ನಂತರ ಕಟಕಟೆಯಲ್ಲಿ ಸಿಗದ ಹಸಿ ನೋವು ಇರುತ್ತದೆ. ಇಂಗ್ಲೆಂಡಿನ ನ್ಯಾಯಾಧೀಶರು ಈಗ ಜ್ಯೂರಿಗೆ ಮೊದಲೇ ತಿಳಿಸುವುದು ರೂಢಿ: ಆಘಾತಕ್ಕೆ ಜನ ಒಂದೇ ಥರ ಪ್ರತಿಕ್ರಿಯಿಸುವುದಿಲ್ಲ, ಅತ್ತರೆಂದು ಸತ್ಯವೂ ಅಲ್ಲ, ಅಳಲಿಲ್ಲವೆಂದು ಸುಳ್ಳೂ ಅಲ್ಲ.

ಸೆಕ್ಷನ್ 28 ರೆಕಾರ್ಡಿಂಗ್ ಹಂತ ಹಂತವಾಗಿ ಹೇಗೆ ನಡೆಯುತ್ತದೆ?

ಮೊದಲು ಪೊಲೀಸ್ ಸಂದರ್ಶನ. ಇದಕ್ಕೆ ‘ಅಚೀವಿಂಗ್ ಬೆಸ್ಟ್ ಎವಿಡೆನ್ಸ್’ ಎಂಬ ಸರ್ಕಾರಿ ಮಾರ್ಗಸೂಚಿ ಇದೆ. ಅದರಿಂದಾಗಿ ಸಂದರ್ಶನಕ್ಕೇ ‘ಎಬಿಇ’ ಎಂಬ ಹೆಸರು ಬಿದ್ದಿದೆ. ಮಾತಿಗೆ ಎಳೆಯುವ ಒಂದಿಷ್ಟು ಹರಟೆ, ‘ನಿಜ ಹೇಳಬೇಕು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬಹುದು’ ಎಂಬ ನಿಯಮ, ‘ಏನಾಯಿತು ಹೇಳು’ ಎಂಬ ಮುಕ್ತ ಪ್ರಶ್ನೆ, ಆಮೇಲೆ ವಿವರದ ಪ್ರಶ್ನೆಗಳು, ಕೊನೆಗೆ ಮುಕ್ತಾಯ. ಇದೇ ಕ್ರಮ.

ಆರೋಪಿ ತಪ್ಪೊಪ್ಪದಿದ್ದರೆ ಕ್ರೌನ್ ಕೋರ್ಟು ಪಾಟಿ ಸವಾಲಿಗೆ ದಿನ ಗೊತ್ತುಮಾಡುತ್ತದೆ. ಅದಕ್ಕೆ ಮುಂಚೆ ಗ್ರೌಂಡ್ ರೂಲ್ಸ್ ಹಿಯರಿಂಗ್ ಎಂಬ ಸಭೆ. ಇಲ್ಲಿ ನ್ಯಾಯಾಧೀಶರು, ಎರಡೂ ಕಡೆಯ ವಕೀಲರು, ಅಗತ್ಯವಿದ್ದರೆ ಇಂಟರ್ಮೀಡಿಯರಿ ಎಂಬ ಸಂವಹನ ತಜ್ಞರು ಕೂತು ಪ್ರಶ್ನೆಗಳನ್ನೇ ಮುಂಚಿತವಾಗಿ ನೋಡುತ್ತಾರೆ. ‘ನೀನು ಅಲ್ಲಿಗೆ ಹೋಗಿರಲಿಲ್ಲ, ಅಲ್ಲವೇ?’ ಎಂಬ ಬಾಲ ಹಚ್ಚಿದ ಪ್ರಶ್ನೆ ತೆಗೆದು ‘ನೀನು ಅಲ್ಲಿಗೆ ಹೋಗಿದ್ದೆಯಾ?’ ಎಂದು ತಿದ್ದುತ್ತಾರೆ. ಒಂದು ಪ್ರಶ್ನೆಯಲ್ಲಿ ಒಂದೇ ವಿಷಯ, ಎಷ್ಟು ಹೊತ್ತಿಗೊಮ್ಮೆ ವಿರಾಮ, ಮಗು ಕೈಯಲ್ಲಿ ಏನು ಹಿಡಿದಿರಬಹುದು, ಇವೂ ಅಲ್ಲಿಯೇ ನಿರ್ಧಾರ.

ರೆಕಾರ್ಡಿಂಗ್ ದಿನ ನ್ಯಾಯಾಧೀಶರು, ವಕೀಲರು, ಆರೋಪಿ ಕೋರ್ಟಿನಲ್ಲಿರುತ್ತಾರೆ, ಸಾಕ್ಷಿ ಬೇರೆ ಕೋಣೆಯಿಂದ ಲಿಂಕ್‌ನಲ್ಲಿ. ಜ್ಯೂರಿ ಇರುವುದಿಲ್ಲ. ಆಮೇಲೆ ಎರಡೂ ಕಡೆಯವರು ಒಪ್ಪಿ, ಒಪ್ಪದಿದ್ದರೆ ನ್ಯಾಯಾಧೀಶರು ಹೇಳಿದಂತೆ, ಕಾನೂನಿಗೆ ಹೊರತಾದ ಭಾಗಗಳನ್ನು ಕತ್ತರಿಸುತ್ತಾರೆ. ವಿಚಾರಣೆಯಲ್ಲಿ ಮೊದಲು ಎಬಿಇ, ನಂತರ ಪಾಟಿ ಸವಾಲು, ಬೆನ್ನಿಗೆ ಬೆನ್ನು ಹಚ್ಚಿ ತೋರಿಸುತ್ತಾರೆ.

ವಿಡಿಯೊ ಸಾಕ್ಷ್ಯದ ಬಗ್ಗೆ ವರದಿ ಕೊಟ್ಟ 1989ರ ಪಿಗಟ್ ಸಮಿತಿಯೇ ಇದನ್ನು ಮಕ್ಕಳಿಗಾಗಿ ಶಿಫಾರಸು ಮಾಡಿತ್ತು. ಕಾನೂನಾಗಲು ಹತ್ತು ವರ್ಷ ಹಿಡಿಯಿತು. ಲೀಡ್ಸ್, ಲಿವರ್‌ಪೂಲ್, ಕಿಂಗ್‌ಸ್ಟನ್ ಅಪಾನ್ ಥೇಮ್ಸ್‌ಗಳಲ್ಲಿ ಪ್ರಾಯೋಗಿಕವಾಗಿ ಶುರುವಾಗುವಷ್ಟರಲ್ಲಿ 2013 ಮುಗಿಯುತ್ತ ಬಂದಿತ್ತು. ಮಕ್ಕಳು ಮತ್ತಿತರ ದುರ್ಬಲ ಸಾಕ್ಷಿಗಳಿಗೆ ಎಲ್ಲ ಕ್ರೌನ್ ಕೋರ್ಟುಗಳಲ್ಲಿ ಸಿಕ್ಕಿದ್ದು 2020ರಲ್ಲಿ, ಲೈಂಗಿಕ ಅಪರಾಧದ ವಯಸ್ಕ ದೂರುದಾರರಿಗೆ 2022ರಲ್ಲಿ. ಅಷ್ಟು ವರ್ಷಗಳಲ್ಲಿ ಎಷ್ಟು ಮಕ್ಕಳು ತಿಂಗಳುಗಟ್ಟಲೆ ಕಾದು ಕೋರ್ಟಿನಲ್ಲಿ ಪಾಟಿ ಸವಾಲು ಎದುರಿಸಿದರೆಂಬುದನ್ನು ನೆನೆದರೆ ಈ ವಿಳಂಬಕ್ಕೆ ಸಮರ್ಥನೆ ಸಿಗುವುದಿಲ್ಲ.

ರೆಕಾರ್ಡಿಂಗ್ ಎಲ್ಲಿ ಕೆಡುತ್ತದೆ?

ಜ್ಯೂರಿಗೆ ನಿಜವಾಗಿ ಪೆಟ್ಟು ಬೀಳುವುದು ಇಲ್ಲಿ. ಕಟಕಟೆಯ ಸಾಕ್ಷಿಗಿಂತ ಪರದೆಯ ಸಾಕ್ಷಿ ದುರ್ಬಲವೆನಿಸಿದರೆ, ಹತ್ತರಲ್ಲಿ ಒಂಬತ್ತು ಸಲ ‘ಪರದೆ’ಯನ್ನು ದೂರುವ ಮೊದಲು ಆ ರೆಕಾರ್ಡಿಂಗನ್ನು ನೋಡಬೇಕು ಎಂದು ನಾವು ಹೇಳುತ್ತೇವೆ.

ಒಂದು ಸಂದರ್ಶನ ಕೋಣೆ ನೋಡೋಣ. ಮೆತ್ತನೆಯ ಎರಡು ಸೋಫಾ, ಗೋಡೆಯ ಮೂಲೆಯಲ್ಲಿ ಎತ್ತರಕ್ಕೆ ಕೂರಿಸಿದ ಕ್ಯಾಮೆರಾ. ಮೇಲಿನಿಂದ ನೋಡುವ ಆ ಕೋನದಲ್ಲಿ, ತಲೆ ತಗ್ಗಿಸಿ ಕೂತ ಹುಡುಗಿಯ ನೆತ್ತಿ ಮಾತ್ರ ಕಾಣುತ್ತದೆ, ಮುಂಗೂದಲು ಮುಖ ಮುಚ್ಚುತ್ತದೆ. ಆಕೆ ಸೋಫಾದ ಕೊನೆಗೆ ಸರಿದು ಕುಶನ್ ಅಪ್ಪಿಕೊಂಡರೆ ಚೌಕಟ್ಟಿನಿಂದಲೇ ಅರ್ಧ ಹೊರಗೆ. ಮೈಕು ಚಾವಣಿಯಲ್ಲಿದ್ದರೆ ಏಸಿಯ ಗುಂಯ್‌ಗುಡುವಿಕೆ ಅವಳ ಪಿಸುದನಿಗಿಂತ ಜೋರು. ಎದುರು ಕೂತ ಪೊಲೀಸ್ ಅಧಿಕಾರಿಯ ಕಡೆ ನೋಡಿ ಮಾತಾಡುವುದರಿಂದ ಜ್ಯೂರಿಗೆ ಸಿಗುವುದು ಪಕ್ಕದ ಮುಖ. ಯಾರೂ ಜ್ಯೂರಿಯ ಕಣ್ಣಲ್ಲಿ ಕಣ್ಣಿಟ್ಟು ಹೇಳುವುದಿಲ್ಲ. ಸಾಮಾನ್ಯವಾಗಿ ದೊಡ್ಡ ಚಿತ್ರದಲ್ಲಿ ಸಾಕ್ಷಿ, ಮೂಲೆಯ ಚಿಕ್ಕ ಚೌಕದಲ್ಲಿ ಇಡೀ ಕೋಣೆ ಇರಬೇಕು. ಅದು ಅದಲುಬದಲಾಗಿ ರೆಕಾರ್ಡ್ ಆದರೆ ಸಾಕ್ಷಿ ಅಂಚೆಚೀಟಿಯಷ್ಟಾಗುತ್ತಾರೆ.

ಸರಿ ಮಾಡುವ ಕ್ರಮ ಕಷ್ಟದ್ದೇನಲ್ಲ. ಕೂತ ಸಾಕ್ಷಿಯ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ, ಪ್ರಶ್ನಿಸುವವರ ಭುಜದ ಪಕ್ಕಕ್ಕೇ ಹತ್ತಿರವಾಗಿ. ಚೌಕಟ್ಟಿನಲ್ಲಿ ತಲೆಯಿಂದ ಸೊಂಟದವರೆಗೆ, ಕೈ ಕಾಣುವಂತೆ. ಮಕ್ಕಳು ಕೈಯಲ್ಲಿ ತೋರಿಸಿಯೇ ಅರ್ಧ ಹೇಳುತ್ತಾರೆ. ಸಾಕ್ಷಿಯ ಹತ್ತಿರ ಇನ್ನೊಂದು ಮೈಕು. ಹಿಂದೆ ಕಿಟಕಿ ಬೇಡ, ಇದ್ದರೆ ಮುಖ ಕಪ್ಪಾಗುತ್ತದೆ. ಶುರು ಮಾಡುವ ಮೊದಲು ಒಂದು ನಿಮಿಷ ರೆಕಾರ್ಡ್ ಮಾಡಿ, ಹೆಡ್‌ಫೋನ್ ಹಾಕಿ ಕೇಳಿ ನೋಡುವುದು.

ತಂತ್ರಕ್ಕಿಂತ ದೊಡ್ಡ ಕುಂದು ಉದ್ದ ಮತ್ತು ಕ್ರಮ. ಎಬಿಇ ಒಂದೇ ಹೊತ್ತಿಗೆ ತನಿಖೆಯೂ ಹೌದು, ಸಾಕ್ಷ್ಯವೂ ಹೌದು. ಪೊಲೀಸರಿಗೆ ಅಂಗಿಯ ಬಣ್ಣ, ಬಸ್ಸಿನ ನಂಬರು ಎಲ್ಲ ಬೇಕು, ಜ್ಯೂರಿಗೆ ಬೇಕಾದ್ದು ಮೊದಲಿಂದ ಕೊನೆಯವರೆಗೆ ಒಂದು ಕಥನ. ಪ್ರಾಸಿಕ್ಯೂಷನ್ ವಕೀಲರು ಕೋರ್ಟಿನಲ್ಲಿ ಕೇಳಿದ್ದರೆ ಹದಿನೈದು ನಿಮಿಷದಲ್ಲಿ ಬರುತ್ತಿದ್ದ ಸಂಗತಿ, ಇಲ್ಲಿ ಗಂಟೆಗಟ್ಟಲೆ ಹಿಂದೆ ಮುಂದೆ ಓಡಾಡುತ್ತದೆ. ಊಟವಾದ ಮೇಲೆ ಅದನ್ನು ನೋಡುವ ಜ್ಯೂರಿ ತೂಕಡಿಸಿದರೆ ತಪ್ಪು ಜ್ಯೂರಿಯದಲ್ಲ.

ಲೈವ್ ಲಿಂಕ್‌ನಲ್ಲಿ ಏನು ತೊಂದರೆ?

ಸಾಕ್ಷಿ ಪರದೆಯಲ್ಲಿ ಕಾಣುವ ವಕೀಲರ ಮುಖ ನೋಡುತ್ತಾರೆ, ಕ್ಯಾಮೆರಾ ಅದರ ಮೇಲಿರುತ್ತದೆ. ಕೋರ್ಟಿನಲ್ಲಿ ನೋಡುವವರಿಗೆ ಸಾಕ್ಷಿ ಸದಾ ಕೆಳಗೆ ನೋಡುತ್ತಿರುವಂತೆ, ಕಣ್ಣು ತಪ್ಪಿಸುತ್ತಿರುವಂತೆ ಕಾಣುತ್ತದೆ. ದನಿ ಅರ್ಧ ಸೆಕೆಂಡು ತಡವಾದರೆ ಪ್ರತಿ ಉತ್ತರಕ್ಕೂ ಮುಂಚೆ ಯೋಚಿಸಿದಂತೆ ಅನ್ನಿಸುತ್ತದೆ. ಇವೆರಡನ್ನೂ ಜ್ಯೂರಿ ಸಾಕ್ಷಿಯ ಸ್ವಭಾವವೆಂದೇ ಓದಿಕೊಳ್ಳುತ್ತದೆ. ವಿಚಾರಣೆಗೆ ಮೊದಲೇ ನ್ಯಾಯಾಧೀಶರು ಒಂದು ಮಾತು ತಿಳಿಸಿದರೆ ಬಹಳ ಉಪಯೋಗ.

ಭಾಷಾಂತರಕಾರರ ಮೂಲಕ ಹೇಳುವ ಕನ್ನಡಿಗ ಸಾಕ್ಷಿಗೆ ಇನ್ನೊಂದು ತೊಡಕಿದೆ. ನಾವು ‘ಹೂಂ’ ಎಂದು ತಲೆಯನ್ನು ಅತ್ತಿತ್ತ ಆಡಿಸುವುದು ಪರದೇಶದ ಜ್ಯೂರಿಗೆ ‘ಇಲ್ಲ’ ಎಂದೋ ‘ಗೊತ್ತಿಲ್ಲ’ ಎಂದೋ ಕಾಣಬಹುದು, ಅದೂ ಚಿಕ್ಕ ಪರದೆಯಲ್ಲಿ. ‘ಹೌದು’, ‘ಇಲ್ಲ’ ಎಂದು ಬಾಯಿಬಿಟ್ಟೇ ಹೇಳಬೇಕು. ಪ್ರಶ್ನೆ ಇಂಗ್ಲಿಷಿನಲ್ಲೇ ಅರ್ಥವಾದರೂ ಭಾಷಾಂತರ ಮುಗಿಯುವ ತನಕ ಕಾಯಬೇಕು. ದನಿಗಳು ಒಂದರ ಮೇಲೊಂದು ಬಿದ್ದರೆ ಲಿಂಕ್‌ನಲ್ಲಿ ಎರಡೂ ಕೇಳಿಸುವುದಿಲ್ಲ.

ಕ್ಯಾಮೆರಾ ಯಾರ ಕಡೆ ತಿರುಗಿದೆ ಎಂಬುದರಿಂದ ತೀರ್ಪೇ ಬದಲಾದೀತೇ?

ಆರೋಪಿಯ ತಪ್ಪೊಪ್ಪಿಗೆ ವಿಡಿಯೊಗಳ ಬಗ್ಗೆ ಇದಕ್ಕೆ ಗಟ್ಟಿ ಪುರಾವೆ ಇದೆ. ಅಮೆರಿಕದ ಓಹಾಯೊ ವಿಶ್ವವಿದ್ಯಾಲಯದ ಡೇನಿಯಲ್ ಲ್ಯಾಸಿಟರ್ 1980ರ ದಶಕದಿಂದ ಪ್ರಯೋಗಗಳ ಮೇಲೆ ಪ್ರಯೋಗ ನಡೆಸಿ ತೋರಿಸಿದ್ದು ಇದು: ಕ್ಯಾಮೆರಾ ಆರೋಪಿಯ ಮೇಲೆ ಮಾತ್ರ ಇದ್ದರೆ ನೋಡುವವರಿಗೆ ತಪ್ಪೊಪ್ಪಿಗೆ ಸ್ವಂತ ಇಚ್ಛೆಯಿಂದ ಬಂದಂತೆ ಕಾಣುತ್ತದೆ. ಆರೋಪಿ ಮತ್ತು ಪೊಲೀಸ್ ಇಬ್ಬರೂ ಸಮವಾಗಿ ಕಂಡರೆ ಆ ಒಲವು ಕರಗುತ್ತದೆ. ಅದೇ ಪ್ರಶ್ನೆ, ಅದೇ ಉತ್ತರ, ಕೋನ ಮಾತ್ರ ಬೇರೆ. ನ್ಯೂಜಿಲೆಂಡ್ ಪೊಲೀಸರು ಇಬ್ಬರನ್ನೂ ಪಕ್ಕದಿಂದ ತೋರಿಸುವ ಕ್ರಮ ಅನುಸರಿಸುತ್ತಾರೆ.

ಜ್ಯೂರಿ ವಿಡಿಯೊವನ್ನು ಮತ್ತೆ ನೋಡಬಹುದೇ?

ಕೇಳಬಹುದು, ಕೊಡುವುದು ಬಿಡುವುದು ನ್ಯಾಯಾಧೀಶರಿಗೆ ಸೇರಿದ್ದು. ಕಟಕಟೆಯ ಸಾಕ್ಷಿಗಿಲ್ಲದ ಈ ಅನುಕೂಲ ರೆಕಾರ್ಡಿಂಗ್‌ಗಿದೆ, ಅಪಾಯವೂ ಅದರಲ್ಲೇ ಇದೆ. ಒಂದು ಕಡೆಯ ಮಾತು ಎರಡು ಸಲ ಕೇಳಿದರೆ ಅದಕ್ಕೆ ಎರಡರಷ್ಟು ತೂಕ ಬಂದುಬಿಡಬಹುದು. 1995ರ ರಾಲಿಂಗ್ಸ್ ಪ್ರಕರಣದಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಹಾಕಿಕೊಟ್ಟ ದಾರಿ ಹೀಗಿದೆ. ಜ್ಯೂರಿಗೆ ಬೇಕಾದ್ದು ಸಾಕ್ಷಿ ಏನು ಹೇಳಿದರು ಎಂಬುದಷ್ಟೇ ಆದರೆ ನ್ಯಾಯಾಧೀಶರು ತಮ್ಮ ಟಿಪ್ಪಣಿಯಿಂದ ಓದಿ ಹೇಳಿದರೆ ಸಾಕು. ಹೇಗೆ ಹೇಳಿದರು ಎಂಬುದು ಬೇಕಾದರೆ ಮಾತ್ರ ಮರುಪ್ರದರ್ಶನ, ಅದೂ ತೆರೆದ ಕೋರ್ಟಿನಲ್ಲಿ, ಎಲ್ಲರ ಸಮ್ಮುಖ. ಇದಕ್ಕೆ ಅತಿಯಾದ ಮಹತ್ವ ಕೊಡಬೇಡಿ ಎಂಬ ಎಚ್ಚರಿಕೆ ಜೊತೆಗೇ ಬರಬೇಕು, ಪಾಟಿ ಸವಾಲಿನಲ್ಲಿ ಬಂದ ಉತ್ತರಗಳನ್ನೂ ನೆನಪಿಸಬೇಕು. ಸಂದರ್ಶನದ ಬರಹ ರೂಪವನ್ನು ವಿಡಿಯೊ ನೋಡುವಾಗ ಕೊಟ್ಟರೂ ಸಾಮಾನ್ಯವಾಗಿ ಹಿಂದಕ್ಕೆ ಪಡೆಯುತ್ತಾರೆ, ಚರ್ಚೆಯ ಕೋಣೆಗೆ ಕಳಿಸುವುದಿಲ್ಲ.

ಮರೆ ಕಟ್ಟಿದರೆ, ವಿಡಿಯೊ ತೋರಿಸಿದರೆ ‘ಆರೋಪಿ ಅಪಾಯಕಾರಿ’ ಎಂದು ಜ್ಯೂರಿ ಭಾವಿಸುವುದಿಲ್ಲವೇ?

ಈ ಆತಂಕ ನ್ಯಾಯವಾದದ್ದೇ. ಹಾಗಾಗಿಯೇ 1999ರ ಕಾನೂನಿನ 32ನೇ ಸೆಕ್ಷನ್ ಪ್ರಕಾರ, ಇಂಥ ವ್ಯವಸ್ಥೆಯಿಂದ ಆರೋಪಿಗೆ ಪೂರ್ವಗ್ರಹದ ಹಾನಿಯಾಗದಂತೆ ನ್ಯಾಯಾಧೀಶರು ಜ್ಯೂರಿಗೆ ಅಗತ್ಯ ಎಚ್ಚರಿಕೆ ಕೊಡಬೇಕು. ‘ಇದು ಇಂಥ ಸಾಕ್ಷಿಗಳಿಗೆ ಮಾಮೂಲು ಕ್ರಮ, ಆರೋಪಿಯ ಬಗ್ಗೆ ಏನನ್ನೂ ಹೇಳುವುದಿಲ್ಲ’ ಎಂದು ಸಾಕ್ಷ್ಯ ಶುರುವಾಗುವ ಮೊದಲೇ ಹೇಳಿದರೆ ಫಲ ಹೆಚ್ಚು.

ಆರೋಪಿಯ ಕಡೆಗೆ ಇನ್ನೊಂದು ನಿಜವಾದ ಕಷ್ಟವಿದೆ. ಪಾಟಿ ಸವಾಲು ಬೇಗ ನಡೆದುಬಿಡುತ್ತದೆ. ಫೋನ್ ಸಂದೇಶಗಳಂಥ ದಾಖಲೆ ಆಮೇಲೆ ಸಿಕ್ಕರೆ ಅದರ ಮೇಲೆ ಪ್ರಶ್ನೆ ಕೇಳಿಯೇ ಇರುವುದಿಲ್ಲ. ಹೊಸ ಸಂಗತಿ ಹೊರಬಿದ್ದರೆ ಮತ್ತೊಮ್ಮೆ ಪ್ರಶ್ನಿಸಲು 28ನೇ ಸೆಕ್ಷನ್ನಿನಲ್ಲೇ ಅವಕಾಶವಿದೆ. ಆದರೆ ಮಗುವನ್ನು ಮತ್ತೆ ಕರೆಸಿದರೆ ಇಡೀ ಉದ್ದೇಶವೇ ಹಾಳಾಯಿತು. ಪ್ರಾಸಿಕ್ಯೂಷನ್ ತನ್ನಲ್ಲಿರುವ ಎಲ್ಲ ದಾಖಲೆಯನ್ನೂ ರೆಕಾರ್ಡಿಂಗ್‌ಗೆ ಮುಂಚೆ ಒಪ್ಪಿಸುವುದೊಂದೇ ಪರಿಹಾರ.

ಅಮೆರಿಕದಲ್ಲಿ ಇಂಥ ವಿಡಿಯೊ ಸಾಕ್ಷ್ಯ ಯಾಕೆ ಕಡಿಮೆ?

ಅಲ್ಲಿನ ಸಂವಿಧಾನದ ಆರನೇ ತಿದ್ದುಪಡಿ ಆರೋಪಿಗೆ ತನ್ನ ವಿರುದ್ಧದ ಸಾಕ್ಷಿಯನ್ನು ಮುಖಾಮುಖಿ ಎದುರಿಸುವ ಹಕ್ಕು ಕೊಟ್ಟಿದೆ. 1988ರ ಕಾಯ್ ವಿರುದ್ಧ ಅಯೋವಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮರೆಯನ್ನು ಒಪ್ಪಲಿಲ್ಲ. ಎರಡೇ ವರ್ಷದ ನಂತರ, ಮೇರಿಲ್ಯಾಂಡ್ ವಿರುದ್ಧ ಕ್ರೇಗ್‌ನಲ್ಲಿ, 5-4ರ ಬಹುಮತದಿಂದ ಮಗುವಿನ ಸಾಕ್ಷ್ಯವನ್ನು ಸಿಸಿಟಿವಿಯಲ್ಲಿ ಪಡೆಯಲು ಒಪ್ಪಿತು. ಆದರೆ ಆರೋಪಿಯ ಎದುರು ಈ ನಿರ್ದಿಷ್ಟ ಮಗು ತೀವ್ರ ಸಂಕಟಪಡುತ್ತದೆ ಎಂದು ಆಯಾ ಪ್ರಕರಣದಲ್ಲೇ ಸಾಬೀತಾಗಬೇಕು. 2004ರ ಕ್ರಾಫರ್ಡ್ ತೀರ್ಪಿನ ನಂತರ ಪಾಟಿ ಸವಾಲಿಲ್ಲದ ಪೊಲೀಸ್ ಸಂದರ್ಶನವನ್ನು ಜ್ಯೂರಿಗೆ ತೋರಿಸುವುದು ಇನ್ನೂ ಕಷ್ಟ.

ಸಿವಿಲ್ ಪ್ರಕರಣಗಳಲ್ಲಿ ಮಾತ್ರ ವಿಡಿಯೊ ಡೆಪೊಸಿಷನ್ (ವಿಚಾರಣೆಗೆ ಮೊದಲೇ ಪ್ರಮಾಣ ಮಾಡಿಸಿ ಪಡೆಯುವ ಸಾಕ್ಷಿಯ ಹೇಳಿಕೆ) ದಿನನಿತ್ಯದ ಸಂಗತಿ. ಫೆಡರಲ್ ನಿಯಮದಂತೆ ಒಂದೇ ದಿನ, ಏಳು ಗಂಟೆಯ ಮಿತಿ. ಸಾಕ್ಷಿ ವಿಚಾರಣೆಯ ಜಾಗದಿಂದ 100 ಮೈಲಿಗಿಂತ ದೂರವಿದ್ದರೆ ಅದನ್ನು ಜ್ಯೂರಿಗೆ ತೋರಿಸಬಹುದು. ಕ್ಯಾಮೆರಾ ಚಮತ್ಕಾರದಿಂದ ಸಾಕ್ಷಿಯ ಚಹರೆ, ಹಾವಭಾವ ತಿರುಚಬಾರದೆಂದು ನಿಯಮವೇ ಹೇಳುತ್ತದೆ. ಇಡೀ ವಿಚಾರಣೆಯನ್ನೇ ರೆಕಾರ್ಡ್ ಮಾಡಿ ಜ್ಯೂರಿಗೆ ತೋರಿಸಿದ ಮೊದಲ ಪ್ರಯೋಗ 1971ರಲ್ಲಿ ಓಹಾಯೊದ ಸ್ಯಾಂಡಸ್ಕಿಯಲ್ಲಿ ನಡೆಯಿತು. ಅದರ ಗುಣವನ್ನು ಇಂದಿಗೂ ಮೆಚ್ಚಬೇಕು: ವಕೀಲರ ಆಕ್ಷೇಪಣೆ, ಹೊರತಾದ ಉತ್ತರ ಎಲ್ಲ ಮೊದಲೇ ಕತ್ತರಿಯಾಗಿರುತ್ತದೆ. ಕೇಳಬಾರದ್ದನ್ನು ಕೇಳಿಸಿ ಆಮೇಲೆ ‘ಮರೆತುಬಿಡಿ’ ಎನ್ನುವ ಪ್ರಸಂಗವೇ ಬರುವುದಿಲ್ಲ.

ಇಡೀ ವಿಚಾರಣೆಯನ್ನೇ ಜ್ಯೂರಿ ಪರದೆಯಲ್ಲಿ ನೋಡಿದ್ದುಂಟೇ?

ಉಂಟು. ಕೋವಿಡ್ ಕಾಲದಲ್ಲಿ, 2020ರ ಶರತ್ಕಾಲದಿಂದ, ಸ್ಕಾಟ್ಲೆಂಡ್ ತನ್ನ ಹದಿನೈದು ಮಂದಿಯ ಜ್ಯೂರಿಗಳನ್ನು ಸಿನಿಮಾ ಮಂದಿರಗಳಲ್ಲಿ ದೂರ ದೂರ ಕೂರಿಸಿತು. ಕೋರ್ಟಿನಲ್ಲಿದ್ದ ನ್ಯಾಯಾಧೀಶರು, ವಕೀಲರು, ಸಾಕ್ಷಿ, ಆರೋಪಿ ಎಲ್ಲರೂ ಬೆಳ್ಳಿತೆರೆಯ ಮೇಲೆ; ಜ್ಯೂರಿಯ ಚಿತ್ರ ಕೋರ್ಟಿನ ಗೋಡೆಯ ಪರದೆಗಳಲ್ಲಿ.

ಕರ್ನಾಟಕದಲ್ಲಿ ಜ್ಯೂರಿಯೇ ಇಲ್ಲ. ನಮಗೆ ಇದರಿಂದೇನು?

ಕೊಲೆ ಆರೋಪ ಹೊತ್ತ ನೌಕಾಧಿಕಾರಿ ನಾನಾವತಿಯನ್ನು 1959ರಲ್ಲಿ ಮುಂಬಯಿಯ ಜ್ಯೂರಿ ನಿರ್ದೋಷಿ ಎಂದ ಮತ್ತು ಆ ತೀರ್ಪನ್ನು ಹೈಕೋರ್ಟು ತಳ್ಳಿಹಾಕಿದ ಕಥೆ ಎಲ್ಲರಿಗೂ ಗೊತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ. ಆದರೆ ಹಾವಭಾವದ ಮೇಲಿನ ನಂಬಿಕೆ ಉಳಿಯಿತು. ಅದೇ ಸಂಹಿತೆಯ 280ನೇ ಸೆಕ್ಷನ್ ಸಾಕ್ಷಿಯ ವರ್ತನೆಯ ಬಗ್ಗೆ ನ್ಯಾಯಾಧೀಶರು ಷರಾ ಬರೆಯಬೇಕೆನ್ನುತ್ತಿತ್ತು. ಮೇಲೆ ಹೇಳಿದ ಶೇ. 54 ನ್ಯಾಯಾಧೀಶರನ್ನು ಬಿಟ್ಟು ಉಳಿದವರಿಗೆ ಮಾತ್ರ ಎಂದು ನಂಬಲು ಕಾರಣವಿಲ್ಲ.

ನಮ್ಮಲ್ಲಿ ದಾರಿ ಬೇರೆ ಬೇರೆ ಕಡೆಯಿಂದ ತೆರೆದಿದೆ. ಪ್ರಫುಲ್ ದೇಸಾಯಿ ಪ್ರಕರಣದಲ್ಲಿ 2003ರಲ್ಲಿ ಸುಪ್ರೀಂ ಕೋರ್ಟು ವಿಡಿಯೊ ಕಾನ್ಫರೆನ್ಸ್ ಸಾಕ್ಷ್ಯವನ್ನು ಒಪ್ಪಿತು. ಪೋಕ್ಸೊ ಕಾಯ್ದೆಯ 36ನೇ ಸೆಕ್ಷನ್ ಮಗು ಆರೋಪಿಗೆ ಎದುರಾಗದಂತೆ ಬಟ್ಟೆಯ ಮರೆ, ಒಂದೇ ಕಡೆಯಿಂದ ಕಾಣುವ ಗಾಜು, ವಿಡಿಯೊ ಯಾವುದನ್ನಾದರೂ ಬಳಸಲು ಹೇಳುತ್ತದೆ. 33ನೇ ಸೆಕ್ಷನ್ ಪ್ರಕಾರ ವಕೀಲರ ಪ್ರಶ್ನೆ ನ್ಯಾಯಾಧೀಶರ ಮೂಲಕವೇ ಮಗುವಿಗೆ ಹೋಗಬೇಕು. ಆದರೆ ಇಂಗ್ಲೆಂಡಿನ ಎಬಿಇಯಂತೆ ಪೊಲೀಸ್ ವಿಡಿಯೊವೇ ಇಲ್ಲಿ ಸಾಕ್ಷ್ಯವಾಗುವುದಿಲ್ಲ, ಮಗು ಕೋರ್ಟಿನಲ್ಲಿ ಮತ್ತೆ ಹೇಳಲೇಬೇಕು. ಒಂದು ಮುಖ್ಯ ಅಪವಾದ: ಅಂಗವಿಕಲ ಅಥವಾ ಬುದ್ಧಿಮಾಂದ್ಯ ಸಂತ್ರಸ್ತರು ಮ್ಯಾಜಿಸ್ಟ್ರೇಟರ ಮುಂದೆ ಕೊಟ್ಟ, ವಿಡಿಯೊ ಆದ ಹೇಳಿಕೆ ಮುಖ್ಯ ವಿಚಾರಣೆಯ ಜಾಗದಲ್ಲಿ ನಿಲ್ಲುತ್ತದೆ. ಹಳೆಯ ಸಂಹಿತೆಯ 164(5ಎ), ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 183ನೇ ಸೆಕ್ಷನ್ ಅದು. ಇದನ್ನು ಬಳಸಬಹುದಾದ ಪ್ರಕರಣಗಳಲ್ಲೂ ಮರೆತು, ಅದೇ ಮಾತನ್ನು ಮತ್ತೊಮ್ಮೆ ಹೇಳಿಸುವುದು ಆ ಸಂತ್ರಸ್ತರಿಗೆ ಮಾಡುವ ಅನ್ಯಾಯ.

ಇನ್ನೊಂದು ಸಂಗತಿ. ನಮ್ಮಲ್ಲಿ ವಿಚಾರಣೆಯ ಮಧ್ಯೆ ನ್ಯಾಯಾಧೀಶರಿಗೆ ವರ್ಗವಾದರೆ, ತೀರ್ಪು ಬರೆಯುವವರು ಸಾಕ್ಷಿಯನ್ನು ನೋಡಿಯೇ ಇರುವುದಿಲ್ಲ. ಟೈಪಾದ ಹಾಳೆ ಮಾತ್ರ ಓದುತ್ತಾರೆ. ರೆಕಾರ್ಡಿಂಗ್ ಇದ್ದರೆ ‘ಪ್ರಶ್ನೆ ಹೇಗೆ ಕೇಳಿದರು’ ಎಂಬುದಾದರೂ ಅವರಿಗೆ ತಿಳಿಯುತ್ತದೆ.

ನನಗೆ ಇಂಗ್ಲೆಂಡಿನಲ್ಲಿ ಜ್ಯೂರಿ ಸಮನ್ಸ್ ಬಂದಿದೆ, ಪಾಸ್‌ಪೋರ್ಟ್ ಭಾರತದ್ದು. ಹೋಗಬೇಕೇ?

ಹೋಗಬೇಕಾಗಬಹುದು. ಅಲ್ಲಿ ಮತದಾರರ ಪಟ್ಟಿಯಿಂದಲೇ ಹೆಸರು ತೆಗೆಯುತ್ತಾರೆ, ಕಾಮನ್‌ವೆಲ್ತ್ ಪ್ರಜೆಗಳಾದ ಭಾರತೀಯರೂ ಆ ಪಟ್ಟಿಯಲ್ಲಿರಬಹುದು. ವಯಸ್ಸು 18ರಿಂದ 75, ಹದಿಮೂರು ತುಂಬಿದ ಮೇಲೆ ಕನಿಷ್ಠ ಐದು ವರ್ಷ ಬ್ರಿಟನ್ನಿನಲ್ಲಿ ವಾಸ. ಅಮೆರಿಕದಲ್ಲಾದರೆ ಪೌರತ್ವ ಪಡೆದವರಿಗೆ ಮಾತ್ರ. ಗ್ರೀನ್ ಕಾರ್ಡಿನವರು ಸಮನ್ಸಿನ ಜೊತೆ ಬರುವ ಪ್ರಶ್ನಾವಳಿಯಲ್ಲಿ ಹಾಗೆಂದು ಬರೆದು ಕಳಿಸಬೇಕು, ಸುಮ್ಮನೆ ಬಿಡಬಾರದು.

ಜ್ಯೂರಿಯಲ್ಲಿ ಕೂತಾಗ ವಿಡಿಯೊ ಸಾಕ್ಷ್ಯ ಬಂದರೆ ಏನು ಮಾಡಲಿ?

ಪರದೆ ಸರಿಯಾಗಿ ಕಾಣದಿದ್ದರೆ, ಒಂದು ಮಾತು ಕೇಳಿಸದಿದ್ದರೆ ಆ ಕ್ಷಣವೇ ಕೈ ಎತ್ತಿ. ಸಂಕೋಚ ಬೇಡ. ಆಮೇಲೆ ಚರ್ಚೆಯಲ್ಲಿ ‘ನನಗೆ ಹಾಗೆ ಕೇಳಿಸಿತು’ ಎಂದು ಇಬ್ಬರು ಎರಡು ಮಾತಾಡುವುದಕ್ಕಿಂತ ಇದು ಎಷ್ಟೋ ವಾಸಿ. ಹೇಳಿದ ವಿಷಯವನ್ನು ಟಿಪ್ಪಣಿ ಮಾಡಿಕೊಳ್ಳಿ, ಮುಖ ಹೇಗಿತ್ತು ಎಂಬುದನ್ನಲ್ಲ. ಪೊಲೀಸ್ ಸಂದರ್ಶನಕ್ಕೆ ಎಷ್ಟು ಜಾಗ ಕೊಡುತ್ತೀರೋ ಪಾಟಿ ಸವಾಲಿಗೂ ಅಷ್ಟೇ ಕೊಡಿ, ಅದು ಚಿಕ್ಕದಿದ್ದರೂ ಸರಿ. ರೆಕಾರ್ಡ್ ಆದ ತಾರೀಖು ಬರೆದಿಟ್ಟುಕೊಳ್ಳಿ. ಪರದೆಯಲ್ಲಿ ಎಂಟು ವರ್ಷದವಳಾಗಿ ಕಾಣುವ ಹುಡುಗಿಗೆ ಈಗ ಹತ್ತಾಗಿರಬಹುದು. ಮತ್ತೆ ನೋಡಬೇಕೆನಿಸಿದರೆ ಯಾವ ಭಾಗ, ಯಾಕೆ ಎಂದು ಚೀಟಿಯಲ್ಲಿ ಬರೆದು ಕೋರ್ಟಿನ ಅಷರ್ (ಜ್ಯೂರಿಯನ್ನು ನೋಡಿಕೊಳ್ಳುವ ಸಿಬ್ಬಂದಿ) ಕೈಗೆ ಕೊಡಿ. ನ್ಯಾಯಾಧೀಶರು ಎರಡೂ ಕಡೆಯ ವಕೀಲರ ಮುಂದೆ ಅದನ್ನು ಓದಿ ಉತ್ತರಿಸುತ್ತಾರೆ.